ಮೂರು ಅಡಿ ಹತ್ತು ಅಂಗುಲ

ಮದ್ದೂರಿನ ದಸ್ತಗೀರನಿಗೆ ಆಫೀಸಿನವರನ್ನು ಕಂಡರೆ ಅಷ್ಟಕ್ಕಷ್ಟೆ. ಓದುಬರಹದ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಕಣ್ಣೆದುರಿಗೆ ಇರುವುದನ್ನು ಬಿಟ್ಟು ಕಾಗದದಲ್ಲಿ ಇರುವುದನ್ನು ನಂಬುವವರನ್ನು ಕಂಡರೆ ಮಾತ್ರ ಅವನಿಗೆ ಮೈ ಉರಿಯುತ್ತಿತ್ತು. ಅಂಥವರು ನಮ್ಮ ಸೀಮೆಯಲ್ಲಿ ಯಾವ ಕಾಲಕ್ಕೂ ಕಡಿಮೆ ಇದ್ದವರಲ್ಲ. ಸಾವಿರದ ಒಂಬೈನೂರ ನಲವತ್ತರ ಹೊತ್ತಿಗೆ ಅವರಲ್ಲೇ ಆರಿಸಿ ತೆಗೆದಂಥ ಒಬ್ಬಿಬ್ಬರು ನಾಲೆಯ ಸೆಕ್ಷನ್ ಆಫೀಸಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದರು.

ದಸ್ತಗೀರನ ಕಣ್ಣು ಪಳಗಿದ್ದು ಶಿವನಸಮುದ್ರದ ಪವರ್‌ಹೌಸಿನಲ್ಲಿ. ಹದಿನೇಳನೆಯ ವಯಸ್ಸಿಗೆ ಅಲ್ಲಿಗೆ ಹೋಗಿ ಒಬ್ಬ ಮುದುಕ ಫಿಟ್ಟರನ ಕೈಕೆಳಗೆ ಎಂಟು ವರ್ಷ ದುಡಿದ. ಗೋಡೆಯ ತುಂಬ ಗಡಿಯಾರದಂಥ ಗೇಜುಗಳು. ಅವುಗಳ ಮುಳ್ಳು ಎಲ್ಲಿದೆ ಎಂದು ನೋಡಿ ಕೂಗಿ ಹೇಳುವುದು ಅವನ ಕೆಲಸ. ಒಂದು ದಿನ ನಿನ್ನೆಯಷ್ಟೇ ಇರಬಹುದೆಂದು ನೋಡದೆಯೇ ಕೂಗಿದ. ಮುದುಕ ಬಂದು ಕಿವಿ ಹಿಡಿದು, ಗೇಜಿನ ಗಾಜಿಗೆ ಅವನ ಮೂಗು ತಾಗುವಂತೆ ನಿಲ್ಲಿಸಿ, "ಮುಳ್ಳು ಎಲ್ಲೈತೋ ಅದನ್ನ ಯೋಳು. ಎಲ್ಲಿರಬೇಕು ಅಂತ ನಿನ್ನ ಕೇಳ್ದೋರ್ಯಾರು?" ಎಂದ. ಆ ಮಾತು ದಸ್ತಗೀರನಿಗೆ ಮದುವೆಯಾದ ಮೇಲೂ ಮರೆಯಲಿಲ್ಲ. ಹೆಂಡತಿ ಬಿಬಿ ಜಾನ್ ಸಾರು ಹೇಗಿದೆ ಎಂದು ಕೇಳಿದರೆ ಉಪ್ಪು ಎಷ್ಟಿದೆಯೋ ಅಷ್ಟನ್ನೇ ಹೇಳಿಬಿಡುತ್ತಿದ್ದ. ಅವಳು ಮಳವಳ್ಳಿಯವಳು, ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಓದಿದವಳು. ಮನೆಯಲ್ಲಿ ಇಬ್ಬರದೂ ಉರ್ದು. ಆದರೆ ಸಿಟ್ಟು ಬಂದರೆ ಬಿಬಿ ಜಾನ್ ಕನ್ನಡಕ್ಕೆ ಇಳಿಯುತ್ತಿದ್ದಳು, ಬಯ್ಯುವುದಕ್ಕೆ ಅದೇ ಸಲೀಸು ಎಂದು.

ಮದುವೆಯಾದ ಮೇಲೆ ಅವನಿಗೆ ಮದ್ದೂರು ಕಡೆಯ ಒಂದು ಕವಲು ನಾಲೆಯಲ್ಲಿ ಗೇಜು ಓದುವ ಕೆಲಸ ಸಿಕ್ಕಿತು. ನಾಲೆಯ ತೂಬಿನ ಕೆಳಗೆ, ನೀರಿನೊಳಗೆ, ಬಿಳಿ ಬಣ್ಣ ಬಳಿದ ಒಂದು ಹಲಗೆ ನಿಲ್ಲಿಸಿದ್ದರು. ಅದರ ಮೇಲೆ ಅಡಿಗೊಂದು ದಪ್ಪ ಗೆರೆ, ಅಂಗುಲಕ್ಕೊಂದು ಸಣ್ಣ ಗೆರೆ. ಬೆಳಿಗ್ಗೆ ಆರಕ್ಕೆ, ಸಾಯಂಕಾಲ ಆರಕ್ಕೆ ನೀರು ಯಾವ ಗೆರೆಗೆ ನಿಂತಿದೆ ನೋಡಿ ಚೀಟಿಯಲ್ಲಿ ಬರೆದು ಆಫೀಸಿಗೆ ಮುಟ್ಟಿಸಬೇಕು. ತೂಬಿನ ಚಕ್ರ ತಿರುಗಿಸಿ ನೀರನ್ನು ಏರಿಸಿ ಇಳಿಸಬೇಕು. ಬೇರೆ ಕವಲುಗಳಲ್ಲಿ ಈ ಕೆಲಸ ಮಾಡುವವರು ಏರಿಯ ಮೇಲೆ ಬೀಡಿ ಸೇದುತ್ತ ನಿಂತು, ಮೇಲಿನಿಂದಲೇ ಬಗ್ಗಿ ನೋಡಿ, ತೋಚಿದ್ದನ್ನು ಬರೆಯುತ್ತಿದ್ದರು. ದಸ್ತಗೀರ್ ಕಲ್ಲಿನ ಮೆಟ್ಟಿಲಿಳಿದು, ಗೆರೆ ಕಣ್ಣಿನ ಸಮಕ್ಕೆ ಬರುವ ಹಾಗೆ ಕುಕ್ಕರುಗಾಲಲ್ಲಿ ಕೂತು, ಅಲೆ ಏರಿದಾಗ ಎಲ್ಲಿ, ಇಳಿದಾಗ ಎಲ್ಲಿ ಎಂದು ನಾಲ್ಕು ಸಲ ನೋಡಿ, ನಡುವಿನದನ್ನು ಹಿಡಿಯುತ್ತಿದ್ದ. ಅವನಿಗೆ ಕನ್ನಡದ ಅಂಕಿಗಳು ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ಮೂರು ಅಡಿ ಹತ್ತು ಅಂಗುಲ ಇದ್ದರೆ ಚೀಟಿಯಲ್ಲಿ ೩, ಅದರ ಮುಂದೊಂದು ಅಡ್ಡಗೆರೆ, ಆಮೇಲೆ ೧೦. ಪವರ್‌ಹೌಸಿನ ಅಭ್ಯಾಸದಿಂದ ಅದನ್ನೇ ತನ್ನದೊಂದು ಕಿರುಪುಸ್ತಕದಲ್ಲೂ ಬರೆದಿಟ್ಟುಕೊಳ್ಳುತ್ತಿದ್ದ.

ಆ ಕವಲಿನ ನೀರು ಹನ್ನೊಂದು ಊರಿಗೆ ಹೋಗುತ್ತಿತ್ತು. ಮೇಲಿನ ಊರುಗಳಲ್ಲಿ ಕಬ್ಬು, ಕೆಳಗಿನ ಊರುಗಳಲ್ಲಿ ಬತ್ತ. ಎಲ್ಲಕ್ಕಿಂತ ಕೊನೆಯ ಊರು ಕೆಂಚನದೊಡ್ಡಿ. ನೀರು ಮೂರೂಮುಕ್ಕಾಲು ಅಡಿ ಇರುವ ತನಕ ಮೇಲಿನವರೇ ಕುಡಿದು ಮುಗಿಸುತ್ತಿದ್ದರು. ಅದಕ್ಕೂ ಮೇಲೆ ಒಂದೆರಡು ಅಂಗುಲ ಏರಿದರೆ ಮಾತ್ರ ಕೆಂಚನದೊಡ್ಡಿಯ ಗದ್ದೆಗೆ ನೀರು. ನಾಲ್ಕು ಅಡಿ ಮುಟ್ಟಿದರೆ ಏರಿ ಒಡೆಯುವ ಭಯ. ಹಾಗಾಗಿ ಕೊನೆಯ ಊರಿನ ಪಾಲೆಂದರೆ ಹತ್ತನೆಯ ಅಂಗುಲ ಮತ್ತು ಹನ್ನೊಂದನೆಯ ಅಂಗುಲ, ಅಷ್ಟೆ. ದಸ್ತಗೀರನಿಗೆ ಇದು ಗೊತ್ತಿತ್ತು. ಹತ್ತು ದಿನಕ್ಕೊಮ್ಮೆಯಾದರೂ ನೀರನ್ನು ಹತ್ತು, ಹನ್ನೊಂದಕ್ಕೆ ಏರಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ನಿಲ್ಲಿಸುತ್ತಿದ್ದ. ಅದಕ್ಕೆ ಯಾರೂ ಅವನಿಗೆ ಶಹಬ್ಬಾಸ್ ಎನ್ನಲಿಲ್ಲ, ಅವನೂ ಕಾಯಲಿಲ್ಲ.

ಈಗ ಆಫೀಸಿನ ರೈಟರ್ ಮರಿಸಿದ್ದಯ್ಯನ ವಿಷಯ ಹೇಳಬೇಕು. ಮಂಡ್ಯದ ಹೈಸ್ಕೂಲಿನಲ್ಲಿ ಎರಡು ವರ್ಷ ಕೂತು ಎದ್ದು ಬಂದಿದ್ದ ಈ ಮಹಾರಾಯ, ಆ ಎರಡು ವರ್ಷವನ್ನು ಹಣೆಯ ಮೇಲೆ ಹಚ್ಚಿಕೊಂಡು ಓಡಾಡುತ್ತಿದ್ದ. ಅಕ್ಷರ ಮುತ್ತು ಪೋಣಿಸಿದ ಹಾಗೆ ಇತ್ತು, ಸುಳ್ಳು ಯಾಕೆ. ಆದರೆ ತಾನು ಬರೆಯುವುದು ನೀರಿನ ಬಗ್ಗೆ ಎನ್ನುವುದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ನಾಲೆಯಿಂದ ಮುನ್ನೂರು ಗಜ ದೂರದಲ್ಲಿ ಕೂತು ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಗೇಜು ಹಲಗೆಯನ್ನು ಹೋಗಿ ನೋಡಿದವನಲ್ಲ. ಬಿಸಿಲಿಗೆ ತಲೆ ಸುತ್ತುತ್ತದೆ ಎನ್ನುತ್ತಿದ್ದ.

ಮೊದಲು ಅವನ ಪುಸ್ತಕದಲ್ಲಿ ಅಡಿ ಬರೆಯುವುದಕ್ಕೆ ಬೇರೆ ಕಲಮು, ಅಂಗುಲ ಬರೆಯುವುದಕ್ಕೆ ಬೇರೆ ಕಲಮು ಇತ್ತು. ನಲವತ್ತನೆಯ ಇಸವಿಯ ಜೂನಿನಲ್ಲಿ ಮೇಲಿನ ಆಫೀಸಿನಿಂದ ಹೊಸ ಅಚ್ಚಿನ ಫಾರಂ ಬಂತು. ಅದರಲ್ಲಿ ಒಂದೇ ಕಲಮು, ಅದರ ತಲೆಯ ಮೇಲೆ 'ಮಟ್ಟ, ಅಡಿ ಮತ್ತು ದಶಾಂಶ' ಎಂದಿತ್ತು. ಅಂದರೆ ಅಡಿಯನ್ನು ಹನ್ನೆರಡು ಅಂಗುಲವಾಗಿ ಅಲ್ಲ, ಹತ್ತು ಪಾಲಾಗಿ ಎಣಿಸಿ ಬರೆಯಬೇಕು. ಮೂರು ಅಡಿ ಆರು ಅಂಗುಲ ಇದ್ದರೆ ೩.೫, ಯಾಕೆಂದರೆ ಆರು ಅಂಗುಲ ಅರ್ಧ ಅಡಿ. ಇದನ್ನೆಲ್ಲ ವಿವರಿಸುವ ಎರಡು ಪುಟದ ಸುತ್ತೋಲೆಯೂ ಜೊತೆಗೆ ಬಂದಿತ್ತು. ಮರಿಸಿದ್ದಯ್ಯ ಅದಕ್ಕೆ ತೂತು ಹಾಕಿ ದಾರ ಪೋಣಿಸಿ ಫೈಲಿಗೆ ಸೇರಿಸಿದ. ಫೈಲಿಗೆ ಸೇರಿಸಿದ್ದು ಅವನ ಮಟ್ಟಿಗೆ ಓದಿದಂತೆಯೇ. ಆಮೇಲೆ ಪೆನ್ನಿಗೆ ಮಸಿ ಅದ್ದಿ, ದಸ್ತಗೀರನ ಚೀಟಿಯಲ್ಲಿ ಅಡ್ಡಗೆರೆ ಇದ್ದ ಕಡೆ ಒಂದು ಚುಕ್ಕೆ ಇಟ್ಟ. ೩-೬ ಇದ್ದದ್ದು ೩.೬ ಆಯಿತು. ದಶಾಂಶವೆಂದರೆ ಚುಕ್ಕೆ, ಚುಕ್ಕೆ ಇಟ್ಟಾಯಿತು, ಇನ್ನೇನು ಬೇಕು? ಓವರ್‌ಸಿಯರ್ ಶಿವಣ್ಣನವರು ಕೆಳಗೆ ರುಜು ಹಾಕಿದರು. ಫಾರಂ ಮೇಲಕ್ಕೆ ಹೋಯಿತು.

ಹೀಗೆ ಹದಿನೈದು ತಿಂಗಳು ನಡೆಯಿತು. ಒಂಬತ್ತು ಅಂಗುಲದವರೆಗೆ ಈ ಚುಕ್ಕೆಯಿಂದ ಆಗುವ ತಪ್ಪು ಸಣ್ಣದು. ನೀರು ಇದ್ದದ್ದಕ್ಕಿಂತ ಚೂರು ಹೆಚ್ಚಾಗಿ ಕಾಣುತ್ತಿತ್ತು, ಹೆಚ್ಚಾಗಿ ಕಂಡರೆ ಯಾವ ಆಫೀಸು ಬೇಡ ಅನ್ನುತ್ತದೆ? ಹತ್ತು ಅಂಗುಲ ಆದ ದಿನ ಮಾತ್ರ ಮರಿಸಿದ್ದಯ್ಯ ೩.೧೦ ಎಂದು ಬರೆಯುತ್ತಿದ್ದ. ಮೇಲಿನ ಆಫೀಸಿನವರು ಅದನ್ನು ಮೂರು ಅಡಿಯ ಮೇಲೆ ಹತ್ತರಲ್ಲಿ ಒಂದು ಪಾಲು, ಅಂದರೆ ಒಂದು ಅಂಗುಲ ಚಿಲ್ಲರೆ, ಎಂದು ಓದಿಕೊಳ್ಳುತ್ತಿದ್ದರು. ನಲವತ್ತೊಂದರಲ್ಲಿ ಅಲ್ಲಿಗೆ ಹೊಸದಾಗಿ ಬಂದ ಯಾರೋ ಒಬ್ಬರು ಈ ಮಟ್ಟಗಳನ್ನೆಲ್ಲ ಚೌಕುಳಿ ಕಾಗದದ ಮೇಲೆ ಕೆಂಪು ಗೆರೆಯಾಗಿ ಎಳೆದರು. ಗೆರೆ ನೆಟ್ಟಗೆ ಹೋಗುತ್ತ ಹೋಗುತ್ತ ಆ ವರ್ಷದ ಮಳೆಗಾಲದಲ್ಲೇ ಏಳು ಕಡೆ ದಬಕ್ಕನೆ ಹಳ್ಳಕ್ಕೆ ಬಿತ್ತು. ಒಂದೇ ದಿನಕ್ಕೆ ಮುಕ್ಕಾಲು ಅಡಿ ನೀರು ಮಾಯ, ಮಾರನೆಯ ದಿನ ಮತ್ತೆ ಹಾಜರು. ಕಳ್ಳತನವಲ್ಲದೆ ಇನ್ನೇನು ಎಂದುಕೊಂಡರು ಅವರು. ನೀರು ಅತ್ಯಂತ ಎತ್ತರಕ್ಕೆ ನಿಂತ ಏಳು ದಿನಗಳು ಹೀಗೆ ನೀರು ಕಳುವಾದ ಏಳು ದಿನಗಳಾಗಿ ಇಳಿದು ಬಂದವು.

ಈ ದೂರಿನ ಕಾಗದ ದಸ್ತಗೀರನ ಕೈಗೆ ಬರುವ ಮೊದಲೇ ಸುದ್ದಿ ಕೆಂಚನದೊಡ್ಡಿಗೆ ಹೋಗಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕೂತು ಗೆರೆ ನೋಡುತ್ತಿದ್ದಾಗ ಆ ಊರಿನ ಪುಟ್ಟಮಾದಯ್ಯ ಹೆಗಲ ಮೇಲೆ ಟವೆಲು ಹಾಕಿಕೊಂಡು ಏರಿಯ ಮೇಲೆ ಬಂದು ನಿಂತ. ಅವನದು ಕವಲಿನ ಕಟ್ಟಕಡೆಯ ಗದ್ದೆ, ಒಂದೂವರೆ ಎಕರೆ.

"ಏನ್ ಸಾಯಬ್ರೇ, ನಮ್ಮ ನೀರ ಕಬ್ಬಿನೋರ್ಗೆ ಮಾರ್ಕಂಡ್ರಂತೆ?"

"ಯಾರ್ ಯೋಳಿದ್ದು?"

"ಆಫೀಸಿನಾಗೆ ರೈಟ್ರು ಯೋಳಿದ್ರು. ಏಳು ದಿವಸ ಕದ್ದವ್ನೆ ಅಂತ ಬಂದೈತಂತೆ. ಭೀಮನಮಾಸೆ ದಿನಾನೂ ಬುಡಲಿಲ್ವಂತೆ ನೀವು."

ದಸ್ತಗೀರ್ ಎದ್ದು ನಿಂತ. "ಭೀಮನಮಾಸೆ ದಿನ ನಿನ್ನ ಗದ್ದೆ ಎಂಗಿತ್ತು ಪುಟ್ಟಮಾದಣ್ಣ?"

"ತುಂಬಿ ಬದ ಮ್ಯಾಲೆ ಅರೀತಿತ್ತು. ನಾನೇ ಬದ ಕಡಿದು ಹಳ್ಳಕ್ಕೆ ಬುಟ್ಟೆ."

"ಮತ್ತೆ ಕದ್ದಿದ್ದೆಲ್ಲಿಂದ?"

ಪುಟ್ಟಮಾದಯ್ಯ ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಕದೀದೆ ಇದ್ದಿದ್ರೆ ಇನ್ನೂ ಎಷ್ಟು ಬತ್ತಿತ್ತೋ ಯಾರಿಗ್ಗೊತ್ತು? ಪುಸ್ತಕದಾಗೆ ಬರ್ದವ್ರೆ ಅಂದ್ಮೇಲೆ ಸುಮ್ನೆ ಬರೀತಾರಾ?"

ಇಂಥ ಮನುಷ್ಯನಿಗೆ ಏನು ಹೇಳುವುದು? ತನ್ನ ಕಾಲು ಮುಳುಗಿದ ನೀರನ್ನು ತಾನೇ ನಂಬದೆ, ಯಾರೋ ಮೇಜಿನ ಮುಂದೆ ಕೂತು ಬರೆದದ್ದನ್ನು ನಂಬುವವನಿಗೆ? ದಸ್ತಗೀರ್ ಮತ್ತೆ ಕೂತು ಗೆರೆಯ ಕಡೆ ತಿರುಗಿದ. ಪುಟ್ಟಮಾದಯ್ಯ ಮಾತ್ರ ಅಲ್ಲಿಂದ ಹೊರಟವನು ಊರಿನ ಒಂದು ಮನೆಯನ್ನೂ ಬಿಡದೆ, ಆ ಸಾಬರು ನಮ್ಮ ನೀರು ಕದ್ದರು ಎಂದು ಹೇಳಿಕೊಂಡು ಬಂದ. ವಾರ ಕಳೆಯುವುದರೊಳಗೆ ಮದ್ದೂರಿನ ಸಂತೆಯಲ್ಲಿ ಜನ ದಸ್ತಗೀರನನ್ನು ಕಂಡು ಮಾತು ನಿಲ್ಲಿಸತೊಡಗಿದರು. ಕೆಲಸ ಹೋಗುವುದಕ್ಕಿಂತ ಇದು ಅವನಿಗೆ ಹೆಚ್ಚು ಚುಚ್ಚಿತು. ಅವನ ಹತ್ತಿರ ಇದ್ದದ್ದು ಅದೊಂದೇ. ದಸ್ತಗೀರ್ ಓದಿದನೆಂದರೆ ಅಷ್ಟೇ ನೀರು ಎನ್ನುವ ಹೆಸರು.

ಆಪಾದನೆಯ ಕಾಗದವನ್ನು ಬಿಬಿ ಜಾನ್ ಓದಿ ಹೇಳಿದಳು. ಎರಡು ವಾರದೊಳಗೆ ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದರೆ ವಜಾ. ಕೆಳಗೆ ಏಳು ತಾರೀಖು, ಅವುಗಳ ಮುಂದೆ ಮಟ್ಟ. ದಸ್ತಗೀರ್ ತನ್ನ ಕಿರುಪುಸ್ತಕ ತೆಗೆದು ಒಂದೊಂದನ್ನೇ ಹೊಂದಿಸಿ ನೋಡಿದ. ಮೊದಲ ಸಲ ಅವನಿಗೆ ತಪ್ಪೇ ಕಾಣಲಿಲ್ಲ. ಅವನ ಪುಸ್ತಕದಲ್ಲಿ ಮೂರು ಮತ್ತು ಹತ್ತು, ಕಾಗದದಲ್ಲೂ ಮೂರು ಮತ್ತು ಹತ್ತು. ತಾನು ಬರೆದದ್ದನ್ನೇ ಬರೆದು ತನ್ನನ್ನೇ ಕಳ್ಳ ಎನ್ನುತ್ತಾರಲ್ಲ, ಇದೇನು ಗ್ರಹಚಾರ ಎಂದುಕೊಂಡ. ಎರಡನೆಯ ಸಲ ನೋಡಿದಾಗ, ಏಳೂ ದಿನಗಳಲ್ಲಿ ಹತ್ತು ಅಥವಾ ಹನ್ನೊಂದು ಬಿಟ್ಟು ಬೇರೆ ಅಂಗುಲವೇ ಇಲ್ಲ ಎನ್ನುವುದು ಕಂಡಿತು. ಮೂರನೆಯ ಸಲಕ್ಕೆ ನಡುವಿನ ಚುಕ್ಕೆಯ ಮೇಲೆ ಕಣ್ಣು ನಿಂತಿತು. ಪವರ್‌ಹೌಸಿನಲ್ಲಿ ಎಣ್ಣೆಯ ತೊಟ್ಟಿಗೆ ಒಂದು ಅಳತೆ ಪಟ್ಟಿ ಇತ್ತು, ಅದರಲ್ಲಿ ಅಡಿಗೆ ಹತ್ತೇ ಮನೆ. ಅಲ್ಲಿ ಮೂರು ಚುಕ್ಕೆ ಒಂದು ಅಂದರೆ ಮೂರು ದಾಟಿ ಒಂದೇ ಮನೆ. ಅವನಿಗೆ ಎಲ್ಲ ಹೊಳೆದುಬಿಟ್ಟಿತು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಅಂಗುಲಾನ ಎತ್ತಿ ದಶಾಂಶದ ಗೂಡಿಗೆ ಆಕವ್ನೆ ಆ ಬೃಹಸ್ಪತಿ," ಎಂದ.

"ಅಂಗಾರೆ ಅಂಕಿ ಬರೀಬೇಡಿ ಕಣ್ರೀ," ಎಂದಳು ಬಿಬಿ ಜಾನ್. ಸಿಟ್ಟು ಬಂದಿದ್ದರಿಂದ ಕನ್ನಡದಲ್ಲೇ ಹೇಳಿದಳು. "ಅಂಕಿ ಕಂಡ್ರೆ ತಾನೇ ಅವ್ನು ಚುಕ್ಕೆ ಇಕ್ಕೋದು? ಅಕ್ಸರದಾಗೆ ಬರೀರಿ. ಅಕ್ಸರದ ನಡುವೆ ಎಲ್ಲಿಕ್ತಾನೆ ನೋಡಮ."

ಮೂವತ್ತು ದಾಟಿದ ಗಂಡಸು ಹೆಂಡತಿಯ ಮುಂದೆ ಕೂತು ಇದ್ದಿಲು ಹಿಡಿದು ನೆಲದ ಮೇಲೆ ಅಕ್ಷರ ತಿದ್ದಿದ. ಪೂರ್ತಿ ವರ್ಣಮಾಲೆಗೆ ಪುರುಸೊತ್ತಿರಲಿಲ್ಲ. ಒಂದರಿಂದ ಹನ್ನೊಂದು, ಅಡಿ, ಅಂಗುಲ, ಇಷ್ಟನ್ನೇ ಕಲಿತ. 'ಹನ್ನೊಂದು' ಬರೆಯುವುದಕ್ಕೆ ಅವನು ಪಟ್ಟಷ್ಟು ಪಾಡನ್ನು ತೂಬಿನ ಚಕ್ರ ತಿರುಗಿಸುವುದಕ್ಕೂ ಪಟ್ಟಿರಲಿಲ್ಲ. ಐದನೆಯ ದಿನ ಚೀಟಿಯ ಮೇಲೆ ಸೊಟ್ಟಸೊಟ್ಟಗೆ, ಆದರೆ ಯಾರು ಬೇಕಾದರೂ ಓದಬಹುದಾದ ಹಾಗೆ, 'ಮೂರು ಅಡಿ ಹತ್ತು ಅಂಗುಲ' ಎಂದು ಬರೆದು ತೆಗೆದುಕೊಂಡು ಹೋಗಿ ಮರಿಸಿದ್ದಯ್ಯನ ಮುಂದಿಟ್ಟ. ಮರಿಸಿದ್ದಯ್ಯ ಚೀಟಿ ನೋಡಿ ಮೂಗಿನಲ್ಲೇ ನಕ್ಕ.

"ಏನಯ್ಯಾ, ಪಂಡಿತನಾಗ್ಬುಟ್ಟೆ. ಇಷ್ಟುದ್ದ ಬರೆದ್ರೆ ನನ್ನ ಕಲಮಿಗೆ ಹಿಡಿಸ್ತದಾ? ಕಲಮು ಇರೋದೇ ಎರಡು ಬೆಟ್ಟು ಅಗಲ." ಹಾಗೆಂದು ಪೆನ್ನು ಅದ್ದಿ, ದಸ್ತಗೀರನ ಕಣ್ಣ ಮುಂದೆಯೇ ೩.೧೦ ಎಂದು ದುಂಡಗೆ ಬರೆದ. ಅಕ್ಷರವನ್ನೂ ಬಿಡಲಿಲ್ಲ ಪುಣ್ಯಾತ್ಮ. ತಪ್ಪು ಚೀಟಿಯಲ್ಲಿರಲಿಲ್ಲ, ಪೆನ್ನಿನಲ್ಲಿಯೂ ಇರಲಿಲ್ಲ, ಅವನ ತಲೆಯಲ್ಲೇ ತಳ ಊರಿ ಕೂತಿತ್ತು.

ದಸ್ತಗೀರ್ ಅವನ ಮೇಜಿನ ಮೇಲಿದ್ದ ಅಡಿಕೋಲನ್ನು ಕೈಗೆ ತೆಗೆದುಕೊಂಡ. ಒಳಗಿನ ಕೋಣೆಯಲ್ಲಿ ಓವರ್‌ಸಿಯರ್ ಶಿವಣ್ಣನವರು ಕಾಫಿ ಕುಡಿಯುತ್ತಿದ್ದರು. ನೇರವಾಗಿ ಅಲ್ಲಿಗೇ ಹೋದ. ರಂಜಾನ್ ತಿಂಗಳು, ಬೆಳಗಿನಿಂದ ಅವನ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಮರಿಸಿದ್ದಯ್ಯ ಹಿಂದೆಯೇ ಓಡಿಬಂದ.

"ಸ್ವಾಮಿ, ಒಂದು ಮಾತು ಕೇಳ್ತೀನಿ. ಈ ಕೋಲಿನಾಗೆ ಒಂಬತ್ತು ದೊಡ್ಡದಾ, ಹತ್ತು ದೊಡ್ಡದಾ?"

ಶಿವಣ್ಣನವರು ಲೋಟ ಕೆಳಗಿಟ್ಟರು. "ಹತ್ತು. ಯಾಕೆ?"

"ನಿಮ್ಮ ಪುಸ್ತಕದಾಗೆ ಒಂಬತ್ತು ಅಂಗುಲ ಇದ್ದ ದಿನ ನೀರು ಮ್ಯಾಲೈತೆ. ಮಾರನೇ ದಿನ ಒಂದಂಗುಲ ಏರಿಸಿದ್ರೆ ಪಾತಾಳಕ್ಕೋಗೈತೆ. ನಾನು ಚಕ್ರ ತಿರುಗಿಸಿ ಏರಿಸ್ತೀನಿ, ನಿಮ್ಮ ರೈಟ್ರು ಚುಕ್ಕೆ ಇಕ್ಕಿ ಇಳಿಸ್ತಾರೆ. ಕಳ್ಳ ನಾನಾ, ಚುಕ್ಕೆನಾ?"

"ಅದು ಕೋಲು, ಇದು ದಶಾಂಶ," ಎಂದ ಮರಿಸಿದ್ದಯ್ಯ. "ಇವನಿಗೆ ಅದೆಲ್ಲಾ ಎಲ್ಲಿ ಅರ್ಥವಾಗ್ಬೇಕು ಸಾರ್."

ಶಿವಣ್ಣನವರಿಗೆ ಅರ್ಥವಾಯಿತು. ಪುಸ್ತಕ ತರಿಸಿ ಒಂದು ಪುಟ ನೋಡಿದರು, ಇನ್ನೊಂದು ಪುಟ ನೋಡಿದರು, ಆಮೇಲೆ ನೋಡುವುದನ್ನು ನಿಲ್ಲಿಸಿ ಬಾಗಿಲು ಹಾಕಿಸಿದರು. ದಡ್ಡರೇನೂ ಅಲ್ಲ ಅವರು. ದಡ್ಡರಾಗಿದ್ದರೆ ಚೆನ್ನಾಗಿತ್ತು, ತಪ್ಪನ್ನು ತಿದ್ದಿ ಮೇಲಕ್ಕೆ ಬರೆದುಬಿಡುತ್ತಿದ್ದರೋ ಏನೋ. ಹದಿನೈದು ತಿಂಗಳ ಪ್ರತಿಯೊಂದು ಫಾರಂ ಕೆಳಗೆ ತಮ್ಮ ರುಜು ಇದೆ ಎನ್ನುವುದು ಅವರಿಗೆ ಮೊದಲು ನೆನಪಾಯಿತು. ಬಡ್ತಿಯ ಪಟ್ಟಿಯಲ್ಲಿ ತಮ್ಮ ಹೆಸರು ಇದೆ ಎನ್ನುವುದು ಎರಡನೆಯದಾಗಿ ನೆನಪಾಯಿತು.

"ನೋಡು ದಸ್ತಗೀರ್," ಎಂದರು, ದನಿ ತಗ್ಗಿಸಿ. "ನಿನ್ನ ಮೇಲಿರೋ ದೂರನ್ನ ನಾನು ಇಲ್ಲೇ ಮುಗಿಸ್ತೀನಿ. ಎಚ್ಚರಿಕೆ ಕೊಟ್ಟ ಮೇಲೆ ಸರಿಯಾಗಿದ್ದಾನೆ ಅಂತ ಬರೀತೀನಿ. ಕೆಲಸ ಉಳೀತದೆ. ಆದರೆ ಇನ್ಮೇಲೆ ನೀರು ಒಂಬತ್ತು ಅಂಗುಲದ ಮೇಲೆ ಏರಬಾರದು. ಏರಿದರೆ ತಾನೇ ಈ ರಗಳೆ?"

ಹೀಗೆ ತಿದ್ದಿದರು ತಪ್ಪನ್ನು. ಪುಸ್ತಕ ಇದ್ದ ಹಾಗೇ ಇರಲಿ, ನಾಲೆಯೇ ತನ್ನನ್ನು ತಿದ್ದಿಕೊಳ್ಳಲಿ. ಕಾವೇರಿಯ ನೀರಿಗೆ ರೈಟರನ ಚುಕ್ಕೆಯ ಅಳತೆಗೆ ತಕ್ಕಂತೆ ಹರಿಯಬೇಕೆಂದು ಅಪ್ಪಣೆಯಾಯಿತು. ಇನ್ನೊಂದು ದಿನವಾಗಿದ್ದರೆ ದಸ್ತಗೀರ್ ಆ ಕೋಲನ್ನು ಅಲ್ಲೇ ಮುರಿದು ಬರುತ್ತಿದ್ದ. ಆದರೆ ಯುದ್ಧದ ಕಾಲ, ಬೇರೆ ಕೆಲಸ ಸುಲಭಕ್ಕೆ ಸಿಕ್ಕುವಂತಿರಲಿಲ್ಲ. ಕಳ್ಳ ಎನ್ನುವ ಮಾತು ಹೇಗಾದರೂ ನಿಂತರೆ ಸಾಕು ಎನ್ನಿಸಿಬಿಟ್ಟಿತು. ತಲೆ ಆಡಿಸಿ ಬಂದ.

ಬಿಬಿ ಜಾನ್ ಎಲ್ಲ ಕೇಳಿ, ಸಂಜೆ ಉಪವಾಸ ಬಿಡಲು ಇಟ್ಟಿದ್ದ ಖರ್ಜೂರದ ತಟ್ಟೆಯನ್ನು ಅವನ ಮುಂದೆ ಸರಿಸಿದಳು. "ತಿನ್ನಿ. ಮಾಡ್ದೆ ಇರೋ ತಪ್ಪನ್ನ ಮಾಡ್ದೆ ಅಂತ ಒಪ್ಕಂಡು ಬಂದಿದ್ದೀರ. ಇವತ್ತಿನ ಉಪವಾಸ ಯಾವ ಲೆಕ್ಕಕ್ಕೆ ಓಯ್ತೋ ದೇವ್ರೇ ಬಲ್ಲ," ಎಂದಳು. ಅವನು ತಿಂದ, ಆದರೆ ರುಚಿ ಹತ್ತಲಿಲ್ಲ.

ಆರು ವಾರ ನೀರು ಒಂಬತ್ತು ಅಂಗುಲ ದಾಟಲಿಲ್ಲ. ಮೇಲಿನ ಆಫೀಸಿನ ಕೆಂಪು ಗೆರೆ ದಾರ ಹಿಡಿದು ಎಳೆದಷ್ಟು ನೇರವಾಯಿತು. ಮರಿಸಿದ್ದಯ್ಯ ಎದುರು ಸಿಕ್ಕಾಗ, "ಈಗ ನೋಡಪ್ಪ, ದಾರಿಗೆ ಬಂದೆ," ಎನ್ನತೊಡಗಿದ. ಸಂತೆಯಲ್ಲಿ ಜನ ಮತ್ತೆ ಮಾತಾಡಿಸಿದರು. ದಸ್ತಗೀರ್ ದಿನಾ ಮೆಟ್ಟಿಲಿಳಿದು, ಕುಕ್ಕರುಗಾಲಲ್ಲಿ ಕೂತು, ಒಂಬತ್ತರ ಗೆರೆ ನೋಡಿ ಎದ್ದು ಬರುತ್ತಿದ್ದ. ಕೆಂಚನದೊಡ್ಡಿಯ ಕಡೆ ಮಾತ್ರ ಹೋಗಲಿಲ್ಲ, ಹೋಗಲು ಮುಖವಿರಲಿಲ್ಲ.

ಕಡೆಯ ಕಾರ್ತೀಕದ ಸೋಮವಾರ ಪುಟ್ಟಮಾದಯ್ಯನೇ ತೂಬಿನ ಹತ್ತಿರ ಬಂದ. ದೇವಸ್ಥಾನಕ್ಕೆ ಹೊರಟಿದ್ದವನು, ಕೈಯಲ್ಲಿ ಎರಡು ಬಾಳೆಹಣ್ಣಿತ್ತು. ಒಂದನ್ನು ದಸ್ತಗೀರನಿಗೆ ಕೊಟ್ಟ.

"ನೀವು ಸರಿಯಾದ್ರಿ ಬುಡಿ ಸಾಯಬ್ರೇ. ಮನ್ಸ ಅಂದ್ಮೇಲೆ ತಪ್ಪು ಮಾಡ್ತಾನೆ, ತಿದ್ಕತಾನೆ. ಪುಸ್ತಕದಾಗೆ ಒಂದಿನಾನೂ ನೀರು ಇಳಿದಿಲ್ವಂತೆ ಈಗ."

"ಗದ್ದೆ ಎಂಗೈತೆ?"

"ಒಣಗ್ತೈತೆ. ತೆನೆ ಈಚೆಗೆ ಬಂದೈತೆ, ಕಾಳಿಗೆ ಆಲೇ ತುಂಬಿಲ್ಲ. ಇನ್ನೊಂದು ವಾರ ಇಂಗೇ ಇದ್ರೆ ಜಳ್ಳು. ಅದು ನಮ್ಮ ಅಣೇಬರ, ನೀವೇನು ಮಾಡೀರಿ."

ಹೀಗೆಂದು ಅವನು ದೇವಸ್ಥಾನದ ಕಡೆ ಹೊರಟುಹೋದ. ದಸ್ತಗೀರ್ ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ದ. ನೀರು ತುಂಬಿಸಿ ಕೊಟ್ಟ ದಿನ ಕಳ್ಳನಾಗಿದ್ದ, ನೀರು ತಪ್ಪಿಸಿದ ಮೇಲೆ ಒಳ್ಳೆಯವನಾದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಯಾವ ಹೆಸರು ಉಳಿಸಿಕೊಳ್ಳುವುದಕ್ಕೆ ತಲೆ ಆಡಿಸಿದ್ದನೋ ಆ ಹೆಸರು ಈಗ ಕೈಯಲ್ಲಿತ್ತು, ಅದು ಒಂದು ಬಾಳೆಹಣ್ಣಿಗಿಂತ ಹೆಚ್ಚಿನದಾಗಿ ಕಾಣಲಿಲ್ಲ. ಹಣ್ಣನ್ನು ಮೆಟ್ಟಿಲ ಮೇಲಿಟ್ಟು, ಎರಡು ಕೈಯಲ್ಲೂ ಚಕ್ರ ಹಿಡಿದು ತಿರುಗಿಸಿದ. ನೀರು ಹತ್ತು ದಾಟಿ ಹನ್ನೊಂದರ ಗೆರೆಗೆ ಏರಿ ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಕೂತು, ನಾಲ್ಕು ಅಲೆ ನೋಡಿ, ಚೀಟಿಯಲ್ಲಿ 'ಮೂರು ಅಡಿ ಹನ್ನೊಂದು ಅಂಗುಲ' ಎಂದು ಬರೆದು ಆಫೀಸಿಗೆ ಕೊಟ್ಟ.

"ಇದನ್ನ ನಾನು ಏನಂತ ಬರೀಲಯ್ಯಾ?" ಎಂದ ಮರಿಸಿದ್ದಯ್ಯ, ಗಾಬರಿಯಿಂದ.

"ಓಗಿ ನೋಡ್ಬುಟ್ಟು ಬರೀರಿ. ಮುನ್ನೂರು ಗಜ," ಎಂದ ದಸ್ತಗೀರ್.

ಮರಿಸಿದ್ದಯ್ಯ ಹೋಗಿ ನೋಡಲಿಲ್ಲ, ಬೇರೆ ಹೇಳಬೇಕಾಗಿಲ್ಲ. ಒಂಬತ್ತು ದಿನ ನೀರು ಹನ್ನೊಂದರಲ್ಲಿ ನಿಂತಿತು, ಒಂಬತ್ತು ದಿನವೂ ಪುಸ್ತಕದಲ್ಲಿ ೩.೧೧ ಎಂದು ಬಿತ್ತು. ಹತ್ತನೆಯ ದಿನ ವಜಾ ಮಾಡಿದ ಕಾಗದ ಬಂತು. ಎಚ್ಚರಿಕೆ ಕೊಟ್ಟ ಮೇಲೂ ಇಂತಿಂಥ ತಾರೀಖುಗಳಲ್ಲಿ ಮಟ್ಟವನ್ನು ೩.೧೧ಕ್ಕೆ ಇಳಿಸಿ ನೀರು ಅಪಹರಿಸಿರುವುದರಿಂದ ಎಂದು ಅದರಲ್ಲಿ ಬರೆದಿತ್ತು. ಮುತ್ತಿನಂಥ ಅಕ್ಷರ, ಕೆಳಗೆ ಶಿವಣ್ಣನವರ ರುಜು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ದಸ್ತಗೀರ್ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಂಚನದೊಡ್ಡಿಗೆ ನಡೆದುಕೊಂಡು ಹೋದ. ಪುಟ್ಟಮಾದಯ್ಯನ ಗದ್ದೆಯಲ್ಲಿ ತೆನೆ ಬಾಗಿತ್ತು, ಕೊಯ್ಲಿಗೆ ಇನ್ನು ನಾಲ್ಕು ದಿನ. ಪುಟ್ಟಮಾದಯ್ಯ ಬದುವಿನ ಮೇಲೆ ನಿಂತಿದ್ದವನು ಇವನನ್ನು ಕಂಡು ಮುಖ ತಿರುಗಿಸಿದ.

"ಮತ್ತೆ ಕದ್ರಂತೆ. ನಾನೊಬ್ಬ ಪೆದ್ದ, ಬಾಳೆಅಣ್ಣು ಕೊಟ್ಟೆ ನಿಮ್ಗೆ."

"ಅದೇ ಸೋಮವಾರದ ಮಾತೇ ಕೇಳೋಕೆ ಬಂದೆ," ಎಂದ ದಸ್ತಗೀರ್. "ಅದರ ಮಾರನೇ ದಿನ ನಿನ್ನ ಗದ್ದೇಲಿ ನೀರೆಷ್ಟಿತ್ತು?"

"ಶಾನೆ ಇತ್ತು. ಸಿವ ಕಣ್ಣು ಬುಟ್ಟ."

"ಸಿವನ್ನ ಕೇಳಲಿಲ್ಲ. ಎಷ್ಟಿತ್ತು, ತೋರ್ಸು."

ಪುಟ್ಟಮಾದಯ್ಯ ಬಗ್ಗಿ, ಮೊಣಕಾಲಿನ ಕೆಳಗೆ, ಮೀನಖಂಡದ ಹತ್ತಿರ ಅಂಗೈ ಅಡ್ಡ ಹಿಡಿದ. "ಇಲ್ಲೀಗಂಟ."

"ಎಷ್ಟು ದಿನ?"

"ಎಂಟೊಂಬತ್ತು ದಿನ."

ದಸ್ತಗೀರ್ ಕಾಗದ ಬಿಚ್ಚಿ ಅಂಕಿಯ ಮೇಲೆ ಬೆರಳಿಟ್ಟ. "ಇದರಾಗೆ ಆ ಒಂಬತ್ತು ದಿನಾನೂ ನಾಲೇಲಿ ನಿಮ್ಮೂರ್ಗೆ ಬರೋವಷ್ಟು ನೀರಿಲ್ಲ ಅಂತ ಬರ್ದವ್ರೆ. ಅದಕ್ಕೇ ನನ್ನ ತೆಗೆದಿರೋದು. ನೀರಿಲ್ದೆ ಇದ್ರೆ ನಿನ್ನ ಕಾಲು ಮುಳುಗಿದ್ದು ಯಾವುದ್ರಾಗೆ?"

ಪುಟ್ಟಮಾದಯ್ಯ ಬಗ್ಗಿದ್ದವನು ಹಾಗೇ ಇದ್ದ. ಕೈ ಇನ್ನೂ ಕಾಲಿನ ಮೇಲೇ ಇತ್ತು. ಕಾಗದ ನೋಡಿದ, ಕಾಲು ನೋಡಿದ, ಬಾಗಿದ ತೆನೆ ನೋಡಿದ. ಅವನಿಗೆ ವಿಷಯ ತಲೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು.

"ಅಂಗಾರೆ ಭೀಮನಮಾಸೆ ದಿನಾನೂವೆ?"

"ಅವತ್ತೂ ಅಷ್ಟೇ."

ಪುಟ್ಟಮಾದಯ್ಯ ಬದುವಿನ ಮೇಲೆ ಕೂತ. "ಊರ್ನಾಗೆ ಒಂದು ಮನೇನೂ ಬುಡ್ದಂಗೆ ಯೋಳ್ಕಂಡು ಬಂದ್ನಲ್ಲಣ್ಣಾ, ನೀನು ಕಳ್ಳ ಅಂತ."

"ಗೊತ್ತು."

"ಈಗೇನು ಮಾಡ್ಲಿ?"

"ಇನ್ನೊಂದು ಸಲ ಓಗು," ಎಂದ ದಸ್ತಗೀರ್. "ಒಂದು ಮನೇನೂ ಬುಡಬೇಡ."

ಪುಟ್ಟಮಾದಯ್ಯ ಎದ್ದು ಟವೆಲು ಕೊಡವಿ ಊರ ಕಡೆ ನಡೆದ. ಮೊದಲು ಸಿಗುವುದು ಕೆಂಪಸಿದ್ದಯ್ಯನ ಮನೆ. ಅಲ್ಲಿ ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಅವರ ಮುಂದೆ ನಿಂತವನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಮೊಣಕಾಲಿನ ಕೆಳಗೆ ಕೈ ಇಟ್ಟು ತೋರಿಸಿದ.